ಆಮೆಯ ಕಾವಲಿಗೆ ಹೊರಟ ಮಕ್ಕಳು

ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿ ಬೇಸಗೆ ಸಮೀಪಿಸಿತೆಂದರೆ ಈಚೆಗೆ ಒಂದು ಹೊಸ ಚರ್ಚೆ ಮೊದಲಾಗುತ್ತದೆ. ಶಾಲೆಗಳಿಗೆ ಎರಡು ತಿಂಗಳಿಗೂ ಮಿಕ್ಕ ರಜೆ. ಹಿಂದೆ ಈ ರಜೆಯಲ್ಲಿ ಮಕ್ಕಳು ಧಾರವಾಡಕ್ಕೋ ದಾವಣಗೆರೆಗೋ ಅಜ್ಜ ಅಜ್ಜಿಯರನ್ನು ಕಾಣಲು ಬರುತ್ತಿದ್ದರು. ಈಗ ಹದಿನಾರರ ಹುಡುಗಿ, ‘ಕೋಸ್ಟರಿಕಕ್ಕೆ ಹೋಗಿ ಎರಡು ವಾರ ಕಡಲಾಮೆಗಳನ್ನು ಕಾಯುತ್ತೇನೆ’ ಎನ್ನುತ್ತಾಳೆ. ಸುದ್ದಿ ಇಲ್ಲಿನ ಅಜ್ಜಿಗೆ ಮುಟ್ಟುತ್ತದೆ. ‘ಆಮಿ ಕಾಯಾಕ ಅಷ್ಟು ರೊಕ್ಕ ಕೊಟ್ಟು ಹೋಗಬೇಕೇನೋ ತಮ್ಮಾ?’ ಎಂದು ಆಕೆ ಮಗನನ್ನು ಕೇಳುತ್ತಾಳೆ. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಉಚಿತವಲ್ಲ. ಸೇವೆಯೆಂದು ಹೇಳಿಕೊಂಡು ಸಾವಿರಾರು ಡಾಲರು ಪಡೆಯುವ ಪ್ರವಾಸದಲ್ಲಿ ಸೇವೆ ನಡೆಯುವುದು ಯಾರಿಗೆ, ಪ್ರಾಣಿಗೋ ಪ್ರವಾಸಿಗೋ ಎಂಬುದೇ ಆಕೆಯ ಸಂದೇಹ.

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ಕೋಸ್ಟರಿಕ ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. 1948ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿದ ನಾಡು. ಅದರ ಪೂರ್ವ ಕರಾವಳಿಯಲ್ಲಿ ಟೊರ್ಟುಗೆರೊ ಎಂಬ ಹಳ್ಳಿಯಿದೆ. ಸ್ಪಾನಿಷ್ ಭಾಷೆಯಲ್ಲಿ ‘ಟೊರ್ಟುಗ’ ಎಂದರೆ ಆಮೆ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಇಲ್ಲವೆ ಚಿಕ್ಕ ವಿಮಾನದಲ್ಲಿ ತಲುಪಬೇಕು. ಸುಮಾರು 35 ಕಿಲೋಮೀಟರ್ ಉದ್ದದ ಆ ಮರಳದಂಡೆ ಇಡೀ ಅಟ್ಲಾಂಟಿಕ್ ಸೀಮೆಯಲ್ಲಿಯೇ ಹಸಿರು ಕಡಲಾಮೆಗಳು ಮೊಟ್ಟೆಯಿಡುವ ಅತಿ ದೊಡ್ಡ ತಾಣ. ಹಸಿರೆಂಬುದು ಚಿಪ್ಪಿನ ಬಣ್ಣವಲ್ಲ, ಒಳಗಿನ ಕೊಬ್ಬಿನ ಬಣ್ಣ. ಆ ಮಾಂಸದ ಸಾರಿಗೆ ಪರದೇಶಗಳಲ್ಲಿದ್ದ ಬೇಡಿಕೆಯೇ ಅದಕ್ಕೆ ಮೃತ್ಯುವಾಯಿತು. ದಂಡೆಗೇರಿದ ತಾಯಾಮೆಯನ್ನು ಬೆನ್ನಡಿಯಾಗಿ ಮಗುಚಿದರೆ ಮುಗಿಯಿತು, ಅದು ತಾನಾಗಿ ಏಳಲಾರದು. ಐವತ್ತರ ದಶಕದಲ್ಲಿ ಫ್ಲಾರಿಡದ ಪ್ರಾಣಿವಿಜ್ಞಾನಿ ಆರ್ಚಿ ಕಾರ್ ಅಲ್ಲಿಗೆ ಬಂದು ಆಮೆಗಳ ಮುಂಗಾಲಿಗೆ ಲೋಹದ ಗುರುತುಪಟ್ಟಿ ತೊಡಿಸತೊಡಗಿದರು. ಅದರಿಂದಲೇ ಈ ಆಮೆಗಳು ನಿಕರಾಗುವದ ಕಡಲಹುಲ್ಲಿನ ಬಯಲುಗಳಲ್ಲಿ ಮೇದು, ಮೊಟ್ಟೆಗಾಗಿ ಇಲ್ಲಿಗೆ ಬರುತ್ತವೆಂದು ತಿಳಿದುಬಂದಿತು. 1959ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. 1975ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಕಾರ್ ಅವರು 1987ರಲ್ಲಿ ತೀರಿಕೊಂಡರು. ಎಣಿಕೆ ಮಾತ್ರ ಇಂದಿಗೂ ನಿಂತಿಲ್ಲ.

ಆ ಎಣಿಕೆಗೆ ಕೈಗಳು ಬೇಕು. ಜುಲೈಯಿಂದ ಅಕ್ಟೋಬರವರೆಗೆ ಹಸಿರಾಮೆಗಳ ಕಾಲ. ಸ್ವಯಂಸೇವಕರು ರಾತ್ರಿಯ ಕತ್ತಲೆಯಲ್ಲಿ, ಮಳೆಯಲ್ಲಿ, ಮರಳಿನ ಮೇಲೆ ಗಂಟೆಗಟ್ಟಲೆ ನಡೆಯಬೇಕು. ಬಿಳಿಯ ಬೆಳಕು ನಿಷಿದ್ಧ. ಅಗತ್ಯಬಿದ್ದಲ್ಲಿ ಕೆಂಪು ದೀಪ. ಛಾಯಾಚಿತ್ರ ತೆಗೆಯುವಂತಿಲ್ಲ. ಬೆಳಕು ಕಂಡರೆ ತಾಯಿ ಮೊಟ್ಟೆಯಿಡದೆ ಕಡಲಿಗೆ ಹಿಂದಿರುಗುತ್ತದೆ. ಅದು ಗುಳಿ ತೋಡಿ ಮೊಟ್ಟೆಯಿಡಲು ತೊಡಗಿದ ಮೇಲೆಯೇ ಹತ್ತಿರ ಹೋಗಿ, ನೂರಕ್ಕೂ ಮಿಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸಿ, ಚಿಪ್ಪನ್ನು ಅಳೆದು, ಪಟ್ಟಿಯ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಎರಡು ತಿಂಗಳು ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಮರಳು ತಂಪಾಗಿದ್ದರೆ ಗಂಡು, ಬಿಸಿಯಾಗಿದ್ದರೆ ಹೆಣ್ಣು. ಸೃಷ್ಟಿಯ ಈ ಏರ್ಪಾಡು ಭೂಮಿ ಬಿಸಿಯೇರುತ್ತಿರುವ ಇಂದಿನ ದಿನಗಳಲ್ಲಿ ವಿಜ್ಞಾನಿಗಳನ್ನು ಚಿಂತೆಗೀಡುಮಾಡಿದೆ. ಮರಿ ಬೆಳೆದು ತಾಯಾಗಲು ದಶಕಗಳು ಬೇಕು. ಇಂದು ಅದನ್ನು ಕಡಲಿಗಿಳಿಯುವಾಗ ಕಂಡ ಹುಡುಗಿ, ಅದು ಮರಳಿ ದಂಡೆಗೇರುವ ಹೊತ್ತಿಗೆ ನಡುವಯಸ್ಸಿನ ಗೃಹಿಣಿಯಾಗಿರುತ್ತಾಳೆ. ಅವಳು ಬರೆದಿಟ್ಟ ಅಂಕಿ ಆಗ ಉಪಯೋಗಕ್ಕೆ ಬರುತ್ತದೆ. ಇಂಥ ಕೆಲಸಕ್ಕೆ ಮಕ್ಕಳು ಹೋಗುವುದಾದರೆ ನನ್ನ ಮಟ್ಟಿಗೆ ಆಕ್ಷೇಪವಿಲ್ಲ.

ಆದರೆ ಎಲ್ಲವೂ ಇಂಥವಲ್ಲ. ದಕ್ಷಿಣ ಆಫ್ರಿಕದಲ್ಲಿ ‘ಅನಾಥ ಸಿಂಹದ ಮರಿಗಳಿಗೆ ಹಾಲುಣಿಸಿರಿ’ ಎಂದು ಯುವಜನರನ್ನು ಕರೆದು ಹಣ ಪಡೆಯುತ್ತಿದ್ದ ಕೇಂದ್ರಗಳ ಕಥೆ ಈಗ ಜಗಜ್ಜಾಹೀರಾಗಿದೆ. ಎಷ್ಟೋ ಕಡೆ ಆ ಮರಿಗಳು ಅನಾಥವಾಗಿರಲಿಲ್ಲ. ತಾಯಿಯಿಂದ ಬೇಕೆಂದೇ ಬೇರ್ಪಡಿಸಿದವು. ಮನುಷ್ಯನ ಕೈಗೆ ಒಗ್ಗಿದ ಮರಿ ಬೆಳೆದ ಮೇಲೆ ಕಾಡಿಗೆ ಸಲ್ಲದು. ಬೇಲಿಯೊಳಗೆ ಬಿಟ್ಟು, ಹಣ ತೆತ್ತ ಬೇಟೆಗಾರನಿಗೆ ಗುಂಡಿಕ್ಕಲು ಕೊಟ್ಟದ್ದುಂಟು. ಹಾಲುಣಿಸಿದ ಹುಡುಗ ಹುಡುಗಿಯರಿಗೆ ಇದರ ಸುಳಿವೇ ಇರಲಿಲ್ಲ. ಅವರ ವಾತ್ಸಲ್ಯವೇ ಆ ವ್ಯಾಪಾರದ ಬಂಡವಾಳ. ಕೋಸ್ಟರಿಕದ ಸರ್ಕಾರವೂ 2019ರಲ್ಲಿ ಕಾಡುಪ್ರಾಣಿಗಳನ್ನು ಹಿಡಿದು ತಮ್ಮ ಚಿತ್ರ ತೆಗೆದುಕೊಳ್ಳುವ ಚಾಳಿಯ ವಿರುದ್ಧ ಪ್ರಚಾರ ಕೈಗೊಂಡಿತು. ಆದುದರಿಂದ ತಾಯಿತಂದೆಯರು ಜಾಹೀರಾತಿನ ಚಿತ್ರವನ್ನೇ ಮೊದಲು ನೋಡಲಿ. ಮಗುವಿನ ತೋಳಿನಲ್ಲಿ ಕಾಡುಮರಿಯಿದ್ದರೆ ಅಲ್ಲಿಗೆ ಕಳಿಸುವುದು ಬೇಡ. ನಿಜವಾದ ಕಾವಲಿನ ಜಾಗದಲ್ಲಿ ಮುಟ್ಟಬೇಡ, ದೂರ ನಿಲ್ಲು ಎಂಬ ಮಾತೇ ಹೆಚ್ಚು ಕೇಳಿಬರುತ್ತದೆ. ಸ್ವಯಂಸೇವಕರು ಊರಿಗೆ ಮರಳಿದ ಮೇಲೆ ಅಲ್ಲಿ ಕೆಲಸ ಮಾಡುವವರು ಯಾರು, ಊರಿನವರಿಗೆ ಸಂಬಳ ಸಿಗುತ್ತದೆಯೇ ಎಂದೂ ಕೇಳಬೇಕು. ಅದೇ ದೇಶದ ಪಶ್ಚಿಮದ ದಂಡೆಯ ಓಸ್ಟಿಯೊನಾಲ್ ಎಂಬಲ್ಲಿ ಆಲಿವ್ ರಿಡ್ಲೆ ಆಮೆಗಳು ಸಾವಿರಗಟ್ಟಲೆ ಒಮ್ಮೆಲೇ ಬರುತ್ತವೆ. ಮೊದಲು ಬಂದವುಗಳ ಮೊಟ್ಟೆಗಳನ್ನು ಹಿಂದೆ ಬಂದವು ಕೆದಕಿ ಹಾಳುಮಾಡುವುದರಿಂದ, ಆರಂಭದ ಗಂಟೆಗಳಲ್ಲಿಟ್ಟ ಮೊಟ್ಟೆಗಳಲ್ಲಿ ಒಂದು ಪಾಲನ್ನು ಊರಿನವರು ತೆಗೆದುಕೊಳ್ಳಲು 1987ರಿಂದ ಕಾನೂನಿನ ಸಮ್ಮತಿಯಿದೆ. ಉಳಿದುದನ್ನು ಅವರೇ ಕಾಯುತ್ತಾರೆ. ಮೊಟ್ಟೆಯ ಮಾತು ನಮ್ಮ ಮನೆಗಳಿಗೆ ಹಿತವಾಗಲಿಕ್ಕಿಲ್ಲ. ಆದರೂ ಹೊರಗಿನಿಂದ ಹೋದ ಮಗು ಊರಿನವರನ್ನೆಲ್ಲ ಕಳ್ಳರೆಂದು ಬಗೆಯದಿರಲು ಇದನ್ನು ತಿಳಿದಿರುವುದು ಲೇಸು.

ಅಪಾಯದ ಮಾತನ್ನು ಮುಚ್ಚಿಡಲಾಗದು. 2013ರ ಮೇ 30ರ ರಾತ್ರಿ ಲಿಮೋನ್ ಬಂದರಿನ ಬಳಿಯ ಮೊಯಿನ್ ದಂಡೆಯಲ್ಲಿ, ಆಮೆಯ ಗೂಡುಗಳನ್ನು ಕಾಯುತ್ತಿದ್ದ ಹೈರೊ ಮೋರ ಎಂಬ 26 ವರ್ಷದ ಅಲ್ಲಿನ ತರುಣನನ್ನು ದುಷ್ಕರ್ಮಿಗಳು ಅಪಹರಿಸಿ ಕೊಂದರು. ಜೊತೆಯಲ್ಲಿದ್ದ ನಾಲ್ವರು ವಿದೇಶೀ ಸ್ವಯಂಸೇವಕಿಯರನ್ನೂ ಸೆರೆಹಿಡಿದಿದ್ದರು. ಅವರು ಬದುಕಿ ಬಂದರು. ಮೊಟ್ಟೆ ಕದಿಯುವವರೂ ಮಾದಕವಸ್ತು ಸಾಗಿಸುವವರೂ ಓಡಾಡುವ ದಂಡೆ ಅದು. ಟೊರ್ಟುಗೆರೊ ಬೇರೆ, ಮೊಯಿನ್ ಬೇರೆ. ಒಂದರ ಹೆಸರಿನಿಂದ ಇನ್ನೊಂದಕ್ಕೆ ಅಂಜಬೇಕಿಲ್ಲ, ಒಂದರ ನೆಮ್ಮದಿಯಿಂದ ಇನ್ನೊಂದನ್ನು ನಂಬಲೂ ಬೇಕಿಲ್ಲ. ಯಾವ ದಂಡೆ, ರಾತ್ರಿ ಜೊತೆಗೆ ಯಾರಿರುತ್ತಾರೆ, ಹದಿನೆಂಟು ತುಂಬದವರಿಗೆ ಯಾರು ಹೊಣೆ ಎಂಬುದನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಉತ್ತರ ಕೊಡಲು ತಡವರಿಸುವವರ ಬಳಿಗೆ ಮಗುವನ್ನು ಕಳಿಸಲಾಗದು.

‘ಆಮೆಯನ್ನು ಕಾಯಲು ನಮ್ಮ ಕಡಲಿಲ್ಲವೇ?’ ಎಂದೂ ಕೆಲವು ಹಿರಿಯರು ಕೇಳಿಯಾರು. ಉಂಟು. ಹೊನ್ನಾವರದ ಕಾಸರಕೋಡು, ಕಾರವಾರದ ಕಡೆಯ ದಂಡೆಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಮೀನುಗಾರರೂ ಗೂಡುಗಳನ್ನು ರಕ್ಷಿಸುತ್ತಾರೆ. ಚೆನ್ನೈಯ ಕಡಲದಂಡೆಯಲ್ಲಂತೂ 1988ರಿಂದ ವಿದ್ಯಾರ್ಥಿಗಳೇ ಕೂಡಿಕೊಂಡು ಈ ಕೆಲಸ ನಡೆಸುತ್ತಿದ್ದಾರೆ. ಆದರೆ ನಮ್ಮಲ್ಲಿ ಅದರ ಕಾಲ ಚಳಿಗಾಲದಿಂದ ಬೇಸಗೆಯ ಆರಂಭದವರೆಗೆ. ಅಮೆರಿಕೆಯ ಮಕ್ಕಳು ಜೂನಿನಲ್ಲಿ ಬಂದಿಳಿಯುವ ವೇಳೆಗೆ ಇಲ್ಲಿ ಮುಂಗಾರು, ದಂಡೆಯಲ್ಲಿ ಆಮೆಗಳಿರುವುದಿಲ್ಲ. ಇಲ್ಲಿಯೇ ಓದುತ್ತಿರುವ ಮೊಮ್ಮಕ್ಕಳಿಗೆ ಮಾತ್ರ ಈ ದಾರಿ ತೆರೆದಿದೆ, ಖರ್ಚೂ ಬಸ್ಸಿನ ಚೀಟಿಯಷ್ಟೇ.

ಊಟದ ಚಿಂತೆ ಅಜ್ಜಿಯರಿಗೆ ಇದ್ದದ್ದೇ. ಕೋಸ್ಟರಿಕದವರ ನಿತ್ಯದ ತಿನಿಸು ಅನ್ನ ಮತ್ತು ಕಪ್ಪು ಅವರೆಯಂಥ ಕಾಳು ಬೆರೆಸಿ ಹುರಿದ ‘ಗಾಯೊ ಪಿಂಟೊ’; ಜೊತೆಗೆ ಬಾಳೆಕಾಯಿ, ಹಣ್ಣು. ನಮ್ಮವರು ಉಪವಾಸ ಬೀಳುವ ಊರಲ್ಲ. ಆದರೆ ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಒಗ್ಗರಣೆ ಹಾಕುವುದುಂಟು; ಎಣ್ಣೆಯಲ್ಲಿಯೇ ಮಾಡಿಕೊಡಿರೆಂದು ಮುಂಚಿತವಾಗಿ ಬರೆದು ತಿಳಿಸಬೇಕು. ಮಳೆಯಂಗಿ, ಕಾಲು ಮುಚ್ಚುವ ಗಟ್ಟಿ ಬೂಟು ಇರಲಿ. ಬಟ್ಟೆಗಳು ಕಪ್ಪು ಅಥವಾ ಗಾಢ ನೀಲಿಯವಾಗಿರಲಿ. ಇರುಳಿನ ದಂಡೆಗೆ ಬಿಳಿಯುಡುಗೆ ಸಲ್ಲದು.