ದುರಸ್ತಿ ಸರಿ, ಆಮೇಲೆ?



ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸಕ್ಕೆ ದುರಸ್ತಿ ಭಾಗ್ಯ ಎಂಬ ಸುದ್ದಿ ಬಂದಾಗಲೆಲ್ಲ ಮೈಸೂರಿನವರಿಗೆ ಖುಷಿ. ನನ್ನ ತಕರಾರು ದುರಸ್ತಿಯ ಬಗ್ಗೆ ಅಲ್ಲ, ಅದು ಮುಗಿದ ಮೇಲಿನ ವರ್ಷಗಳ ಬಗ್ಗೆ.

ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಎದ್ದ ಮನೆ ಇದು. 1959ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯದ ಪಾಲಿಗೆ ಬಂತು. 1968ರಿಂದ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ. ಮನೆ ಶಿಥಿಲವಾದಾಗ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ದುರಸ್ತಿ ಮಾಡಿಸಿತು. ಅಷ್ಟಾದರೂ ಪಶ್ಚಿಮ ಭಾಗ ಹದಗೆಟ್ಟು, ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು ಪಡೆಯಬೇಕಾಯಿತು. ಕೊಟ್ಟವರು ದೊಡ್ಡವರು, ಸಂತೋಷ. ಪ್ರತಿ ಸಲವೂ ದಾನಿಗಳ ದಾರಿ ಕಾಯಬೇಕೆ?

ಸುಣ್ಣದ ಗಾರೆಯ ಹಳೇ ಕಟ್ಟಡ ಒಂದೇ ದಿನದಲ್ಲಿ ಕೆಡುವುದಿಲ್ಲ. ತಾರಸಿಯ ನೀರು ಇಳಿಯುವ ಕೊಳವೆಯ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಬಿರುಕಿಗಿಳಿಯುತ್ತದೆ. ಅದೇ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಎದ್ದು ಬೇರು ಬಿಡುತ್ತದೆ. ತೊಲೆ ನೆನೆದರೆ ಗೆದ್ದಲಿಗೆ ಹಬ್ಬ. ಇದಕ್ಕೆ ಯಾರೋ ಸಿಮೆಂಟ್ ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಮುಂಗಾರಿಗೆ ಮುಂಚೆ ಇಬ್ಬರು ಆಳು ಏಣಿ ಹತ್ತಿ ಎಲೆ ಗುಡಿಸಿ ಸಸಿ ಕಿತ್ತರೆ ತಪ್ಪುವ ಕೇಡು ಇದು. ಆದರೆ ಎಲೆ ಗುಡಿಸಿದ್ದಕ್ಕೆ ಯಾರೂ ಶಿಲಾಫಲಕ ಹಾಕಿಸುವುದಿಲ್ಲವಲ್ಲ! ಈ ಮನೆಯ ಒಳಗಿರುವುದೂ ತೇವ ತಡೆಯದ ಸರಕೇ: ತೊಗಲುಗೊಂಬೆ, ಮರದ ಕೆತ್ತನೆ, ಯಕ್ಷಗಾನದ ವೇಷಭೂಷಣ.

ಅಲಕ್ಷ್ಯದ ಬೆಲೆ ಏನೆಂದು ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡನ್ನೂ ಕೆಡವಿ ಅದೇ ಥರ ಹೊಸದು ಕಟ್ಟೋಣ ಎಂಬ ಮಾತು ಆಮೇಲೆ ಶುರುವಾಯಿತು. ಮೊದಲು ನೋಡಿಕೊಳ್ಳದೆ ಬಿಡುವುದು, ಬಳಿಕ ಶಿಥಿಲವೆಂದು ಷರಾ ಬರೆಯುವುದು.

ವಿಶ್ವವಿದ್ಯಾನಿಲಯಕ್ಕೆ ಪಿಂಚಣಿ ಕೊಡುವುದೇ ಕಷ್ಟವಾಗಿದೆ ಎಂಬುದು ಗುಟ್ಟೇನಲ್ಲ. ಆದ್ದರಿಂದಲೇ ನಿರ್ವಹಣೆಯ ಹಣ ಅದರ ಸಾಮಾನ್ಯ ಲೆಕ್ಕದಲ್ಲಿ ಕರಗಬಾರದು. ಇನ್ನು ಮುಂದೆ ಯಾವುದೇ ದುರಸ್ತಿಯ ಒಪ್ಪಂದವಾದರೂ ಹತ್ತು ವರ್ಷದ ಪಾಲನೆಯ ಖರ್ಚು ಅದರಲ್ಲೇ ಸೇರಿರಲಿ, ಆ ದುಡ್ಡು ಬೇರೆ ಖಾತೆಯಲ್ಲಿರಲಿ. ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಗೆ ಕಾಯಂ ಸಂಬಳ ಗೊತ್ತುಮಾಡಲಿ. ಮಳೆಗಾಲ ಮುಗಿದ ಮೇಲೆ ಕಟ್ಟಡದ ಸ್ಥಿತಿ ಹೇಗಿದೆ ಎಂಬ ವರದಿಯನ್ನು ಬಾಗಿಲಲ್ಲೇ ತೂಗುಹಾಕಲಿ.

– ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು