ಓಡಿಹೋದ ಯಂತ್ರಮಾನವ

ಯಂತ್ರಮಾನವನೊಬ್ಬ ಒಡೆಯನಿಂದ ತಪ್ಪಿಸಿಕೊಂಡು ರೈಲೇರಿ ಓಡುವ ಆನಿಮೇಷನ್ ಚಿತ್ರವೆಂದರೆ ಹಲವರು ಮಕ್ಕಳಾಟವೆಂದು ನಗುವರು. ನಾನು ಒಪ್ಪಲಾರೆ. ‘ರೋಬೋಟ್’ ಎಂಬ ಮಾತು ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ನಾಟಕದಲ್ಲಿ. 1920ರಲ್ಲಿ ಕಾರೆಲ್ ಚಾಪೆಕ್ ಬರೆದ ‘ಆರ್.ಯು.ಆರ್.’ನಲ್ಲಿ. ಅದರ ಮೂಲವಾದ ಚೆಕ್ ಪದಕ್ಕೆ ಬಿಟ್ಟಿದುಡಿಮೆ ಎಂದರ್ಥ. ಚೊಳಚಗುಡ್ಡದ ಬನಶಂಕರಿ ಜಾತ್ರೆಯ ನಾಟಕಗಳಲ್ಲಿ ಆಳು ಒಡೆಯನೆದುರು ತಲೆಯೆತ್ತಿದರೆ ಚಪ್ಪಾಳೆ ತಟ್ಟುವ ನಾವು, ಆಳು ಲೋಹದವನಾದರೆ ನಗುವುದೇಕೆ?

ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು, ಸಾಲಕ್ಕಾಗಿ ಜೀತಕ್ಕಿದ್ದ ನನ್ನ ಅಜ್ಜ ಒಂದು ರಾತ್ರಿ ಬಾದಾಮಿ ನಿಲ್ದಾಣದಲ್ಲಿ ರೈಲು ಹತ್ತಿದರು. ಊರಿನ ಕೆಲವರು ಅವರನ್ನು ಕಳ್ಳನೆಂದರು. ಅವರು ಓಡದಿದ್ದರೆ ನಮ್ಮ ಮನೆಯಲ್ಲಿ ಬಿ.ಎ. ಓದುವವರು ಇರುತ್ತಿರಲಿಲ್ಲ. ಓಡುವವನನ್ನು ಹಳಿಯುವ ಮೊದಲು, ಕಟ್ಟಿಹಾಕಿದವನಾರೆಂದು ಕೇಳಬೇಕಲ್ಲವೇ?