ಹೆಸರಿಗೆ ಮ್ಯಾನೇಜರು, ಕೂರೋಕೆ ಸ್ಟೂಲಿಲ್ಲ

ತಾಳವಾಡಿ ಸೀಮೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮೇಷ್ಟ್ರುಗಳೇ,

ಈಗ ಯಾವ ಜಗಲಿಗೆ ಹೋದರೂ ಒಂದೇ ಮಾತು: “ನಮ್ಮ ಹೈದ ಕೊಯಮತ್ತೂರಲ್ಲಿ ದೊಡ್ಡ ಬ್ರ್ಯಾಂಡಿನ ಬಟ್ಟೆ ಅಂಗಡಿಗೆ ಮ್ಯಾನೇಜರ್ ಆದ.” ಸಂತೋಷವೇ. ದಿಂಬಂ ಘಟ್ಟದ 27 ತಿರುವು ಇಳಿದು ಹೋಗಿ ದುಡಿಯೋ ಮಕ್ಕಳನ್ನ ನಾನು ಹಳಿಯೋದಿಲ್ಲ. ನಾನು ಹಳಿಯೋದು ಆ ಹೆಸರನ್ನ. ಬಹಳ ಕಡೆ ಅದು ಗೌರವದ ಹೆಸರಲ್ಲ, ಬಿಟ್ಟಿ ದುಡಿಸಿಕೊಳ್ಳೋ ಉಪಾಯ.

ಮ್ಯಾನೇಜರ್ ಅಂದರೆ ಯಜಮಾನ ಅಂದುಕೊಂಡಿದ್ದೀವಿ. ನನ್ನ ತಂಗಿ ಮಗ ಅಂಥ ಅಂಗಡಿಯಲ್ಲಿ ನಾಲ್ಕು ವರ್ಷ ಇದ್ದ. ಬೆಲೆ ಅವನು ಇಡೋ ಹಾಗಿಲ್ಲ. ಯಾವ ಅಂಗಿ ಮುಂದೆ ನೇತುಹಾಕಬೇಕು, ಗಾಜಿನೊಳಗಿನ ಬೊಂಬೆಗೆ ಏನು ತೊಡಿಸಬೇಕು, ಎಲ್ಲ ಹೆಡ್ಡಾಫೀಸಿಂದ ಫೋಟೋ ಆಗಿ ಬರುತ್ತೆ. ಹಾಗೇ ಜೋಡಿಸಿ, ಮತ್ತೆ ಫೋಟೋ ತೆಗೆದು ಕಳಿಸಬೇಕು. ಬಾಗಿಲಲ್ಲಿ ಒಂದು ಯಂತ್ರ ಬಂದವರನ್ನ ಎಣಿಸುತ್ತೆ. ನೂರು ಜನ ಬಂದು ಇಪ್ಪತ್ತೇ ಬಿಲ್ಲಾದರೆ, ಉಳಿದ ಎಂಬತ್ತು ಜನ ಯಾಕೆ ಬರಿಗೈಲಿ ಹೋದರು ಅಂತ ಅವನನ್ನೇ ಕೇಳೋರು. ಅಧಿಕಾರ ಎಲ್ಲ ಅವರದು, ಬೈಗುಳ ಮಾತ್ರ ಇವನದು!

ರಾತ್ರಿ ಬಾಗಿಲು ಹಾಕಿದ ಮೇಲೆ ಸರಕಿನ ಎಣಿಕೆ. ಎರಡು ಪ್ಯಾಂಟು ಕಮ್ಮಿ ಬಂದರೆ ಇವನ ಸಂಬಳದಲ್ಲೂ ಹುಡುಗೀರ ಸಂಬಳದಲ್ಲೂ ಮುರಿದುಕೊಳ್ಳೋರು. ನಮ್ಮ ಕೋಸಿನ ಹೊಲಕ್ಕೆ ಆನೆ ನುಗ್ಗಿದರೆ ಕಳೆ ಕಿತ್ತ ಹೆಂಗಸರ ಕೂಲಿ ಹಿಡೀತೀವಾ?

ನಾನು ಓದಿದ್ದು ಏಳನೇ ಕ್ಲಾಸು. ಕಾನೂನು ನಮ್ಮ ಓದುಮನೆಯಲ್ಲಿ ಮೇಷ್ಟ್ರು ಓದಿ ಹೇಳಿದ್ದು. ತಮಿಳುನಾಡಿನ 1947ರ ಅಂಗಡಿ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಮೇಲೆ ದುಡಿದ ಹೊತ್ತಿಗೆ ಎರಡರಷ್ಟು ಕೂಲಿ. ವಾರಕ್ಕೊಂದು ರಜೆ. ಆದರೆ ಅದೇ ಕಾನೂನಿನ ಬೇಲಿಯಲ್ಲಿ ಒಂದು ಕಂಡಿ ಇದೆ: ಆಡಳಿತದ ಸ್ಥಾನದಲ್ಲಿರೋರಿಗೆ ಇದು ಅನ್ವಯ ಆಗೋದಿಲ್ಲ. ಈಗ ತಿಳೀತಾ, ಮ್ಯಾನೇಜರ್ ಅನ್ನೋ ಹೆಸರು ಯಾಕಿಷ್ಟು ಅಗ್ಗ ಅಂತ? ಹೆಸರು ಕೊಟ್ಟರು, ಹೊತ್ತು ಕಿತ್ತುಕೊಂಡರು. ಬೆಳಿಗ್ಗೆ ಬೀಗ ತೆಗೆಯೋನೂ ಅವನೇ, ರಾತ್ರಿ ಹಾಕೋನೂ ಅವನೇ. ಬಟ್ಟೆ ಮಡಿಸೋನಿಗೆ, ಬಿಲ್ ಹಾಕೋನಿಗೆ ಆಡಳಿತ ಎಲ್ಲಿಂದ ಬಂತು? ಹೆಸರು ನೋಡಬಾರದು, ಕೆಲಸ ನೋಡಬೇಕು.

ಇನ್ನು ಕೂರೋ ಮಾತು. ಕೇರಳದ ಅಂಗಡಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿ ಕೂರೋ ಹಕ್ಕು ಕಾನೂನಾಯಿತು. 2021ರಲ್ಲಿ ನಮ್ಮ ತಮಿಳುನಾಡಲ್ಲೂ ಆಯಿತು. ಅಂಗಡಿಯವರು ಆಸನ ಇಡಲೇಬೇಕು. ಆದರೂ ಆ ಅಂಗಡಿಯಲ್ಲಿ ಬೊಂಬೆಗೆ ಪೀಠ ಇತ್ತು, ಮನುಷ್ಯರಿಗೆ ಸ್ಟೂಲು ಇರಲಿಲ್ಲ. ಮಂಟೇಸ್ವಾಮಿ ಕಥೆ, ಮಾದಪ್ಪನ ಕಥೆ ಹಾಡೋಕೆ ಹೋದರೆ ಎಂಥಾ ಬಡವರೂ ಚಾಪೆ ಹಾಸಿ, “ಕೂತ್ಕೊಂಡು ಹಾಡಪ್ಪಾ” ಅಂತಾರೆ. ಕೂತು ಹಾಡಿದರೆ ಕಥೆ ಕೆಡೋದಿಲ್ಲ. ಗಿರಾಕಿ ಇಲ್ಲದಾಗ ಕೂತರೆ ವ್ಯಾಪಾರ ಕೆಡುತ್ತಾ?

“ಹೊಲದ ಬಿಸಿಲಿಗಿಂತ ಏಸಿ ವಾಸಿ ಕಣಣ್ಣಾ” ಅನ್ನೋರು ಇದ್ದಾರೆ. ಹೊಲದಲ್ಲಿ ದಣಿದರೆ ಹೊಂಗೆ ಮರದಡಿ ಕೂರೋಕೆ ನನಗೆ ಯಾರ ಅಪ್ಪಣೆಯೂ ಬೇಡ. ತಣ್ಣನೆ ಗಾಳಿ ಕೊಟ್ಟರು ಅಂತ ಕಾಲು ನೋಯೋದು ನಿಲ್ಲುತ್ತಾ?

ಹಾಗಂತ ಮಕ್ಕಳನ್ನ ಕಳಿಸಬೇಡಿ ಅನ್ನೋದಿಲ್ಲ. ಕಣ್ಣು ಬಿಟ್ಟು ಕಳಿಸಿ. ಎಷ್ಟು ಗಂಟೆ ಕೆಲಸ, ಯಾವತ್ತು ರಜೆ, ಮೇಲಿನ ಹೊತ್ತಿಗೆ ಎಷ್ಟು ಕೂಲಿ, ಸರಕು ಕಳೆದರೆ ಹೊಣೆ ಯಾರದು: ಈ ನಾಲ್ಕನ್ನೂ ಬರಹದಲ್ಲಿ ಕೇಳಲಿ. ಮೇಷ್ಟ್ರುಗಳೇ, ಆ ಇಂಗ್ಲಿಷ್ ಕಾಗದವನ್ನ ಸಹಿ ಹಾಕೋಕೆ ಮುಂಚೆ ನಮಗೆ ಕನ್ನಡದಲ್ಲಿ ಓದಿ ಹೇಳಿ. ನಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಮ್ಯಾನೇಜರ್ ಅನ್ನೋ ಹೆಸರನ್ನ ಬೇಕಾದರೆ ಅವರೇ ಇಟ್ಟುಕೊಳ್ಳಲಿ. ನಮ್ಮ ಮಕ್ಕಳು ದುಡಿದ ಹೊತ್ತಿಗೆ ಕೂಲಿ ಕೊಡಲಿ, ಕೂರೋಕೆ ಒಂದು ಸ್ಟೂಲು ಕೊಡಲಿ.